ಮಳೆಯಲ್ಲಿ ಕೂತು ಹಾಡು ಕೇಳುವುದು ಹೇಗೆ: ಝಿರೋ ಸಂಗೀತ ಹಬ್ಬಕ್ಕೆ ಹೊರಟವರಿಗೆ

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆ. ಅಲ್ಲಿ ಮಳೆಗಾಲ ಅಂದ್ರೆ ಆಟ ಇಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ. ಮದ್ದಳೆಯ ತೊಗಲು ಥಂಡಿಗೆ ಸಡಿಲವಾಗುತ್ತದೆ. ರಂಗಸ್ಥಳ ಹಾಕುವ ಗದ್ದೆಯಲ್ಲಿ ನೀರು ನಿಂತಿರುತ್ತದೆ. ನೋಡುವ ಜನರೆಲ್ಲ ನಾಟಿಯಲ್ಲಿರುತ್ತಾರೆ. ಮಳೆ ಮತ್ತು ಸಂಗೀತ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಇರಬಹುದು ಅಂತ ನನಗೆ ಗೊತ್ತಾಗಿದ್ದು 42ನೇ ವಯಸ್ಸಿನಲ್ಲಿ, ಅರುಣಾಚಲ ಪ್ರದೇಶದ ಝಿರೋ ಕಣಿವೆಯಲ್ಲಿ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ತಂಗಿಯ ಮಗಳು. "ದೊಡ್ಡಮ್ಮ, ನೀನು ಆಗುಂಬೆ ಮಳೆ ಕಂಡವಳು, ನಿನಗೇನು ಕಷ್ಟ" ಅಂದಳು. ಅಲ್ಲಿಂದ ಬಂದ ಮೇಲೆ ಇನ್ನೊಂದು ಸಲ ನಾನೇ ಅವಳನ್ನು ಹೊರಡಿಸಿದೆ. ಈಗ ಆಫೀಸಿನಲ್ಲಿ, ನೆಂಟರ ಮನೆಯಲ್ಲಿ ಯಾರಾದರೂ ಹೊರಟರೆ "ಏನು ತಗೊಂಡು ಹೋಗಬೇಕು" ಅಂತ ನನ್ನನ್ನೇ ಕೇಳುತ್ತಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಹಬ್ಬದ ಬಗ್ಗೆ ಸ್ವಲ್ಪ. ಝಿರೋ ಇರುವುದು ಲೋವರ್ ಸುಬನ್‌ಸಿರಿ ಜಿಲ್ಲೆಯಲ್ಲಿ. ಸಮುದ್ರ ಮಟ್ಟದಿಂದ 1,500 ಮೀಟರ್‌ಗೂ ಎತ್ತರ, ನಮ್ಮ ಮಡಿಕೇರಿಗಿಂತ ಮೇಲೆ. ಅಪತಾನಿ ಜನರ ಕಣಿವೆ ಅದು. ಬಾಬಿ ಹಾನೋ ಮತ್ತು ಅನುಪ್ ಕುಟ್ಟಿ ಸೇರಿ 2012ರಲ್ಲಿ ಈ ಸಂಗೀತ ಹಬ್ಬ ಶುರು ಮಾಡಿದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಾಲ್ಕು ದಿನ ನಡೆಯುತ್ತದೆ. ಎರಡು ವೇದಿಕೆ: ಹಗಲಿಗೆ ದಾನ್ಯಿ, ರಾತ್ರಿಗೆ ಪೀಲೊ. ಅಪತಾನಿ ಭಾಷೆಯಲ್ಲಿ ಸೂರ್ಯ, ಚಂದ್ರ ಅಂತ ಅರ್ಥ. ವೇದಿಕೆಗಳನ್ನು ಅಲ್ಲಿನವರೇ ಬಿದಿರಿನಲ್ಲಿ ಕಟ್ಟುತ್ತಾರೆ. ದಬ್ಬೆ ಸೀಳಿ, ನೇಯ್ದು, ಬಿಗಿದು ಕಟ್ಟಿದ್ದನ್ನು ಹತ್ತಿರ ಹೋಗಿ ನೋಡಿ. ನಮ್ಮ ಕಡೆ ಚಪ್ಪರ ಹಾಕುವವರು ಕಂಡರೆ ಕಟ್ಟಿದವರ ಕೈ ಹಿಡಿದು ಮಾತಾಡಿಸಿಯಾರು.

ಸೆಪ್ಟೆಂಬರ್ ಕೊನೆಗೆ ಅಲ್ಲಿ ಮುಂಗಾರು ಇನ್ನೂ ಪೂರ್ತಿ ಹೋಗಿರುವುದಿಲ್ಲ. ಒಂದು ದಿನ ಬಿಸಿಲು, ಒಂದು ದಿನ ಜಡಿಮಳೆ, ಕೆಲವು ಸಲ ಒಂದೇ ದಿನದಲ್ಲಿ ಎರಡೂ. ಮಳೆ ಬರಬಹುದು ಅಂತ ಅಲ್ಲ, ಬಂದೇ ಬರುತ್ತದೆ ಅಂತಲೇ ತಯಾರಾಗಿ.

ನಾನು ಎಲ್ಲರಿಗೂ ಹೇಳುವ ಮುಖ್ಯ ಮಾತು ಇದು. ಎರಡೇ ಎರಡು ವಸ್ತು ಒಣಗಿರಬೇಕು: ನಿಮ್ಮ ಪಾದ, ರಾತ್ರಿ ಮಲಗುವ ಬಟ್ಟೆ. ಉಳಿದಿದ್ದೆಲ್ಲ ಒದ್ದೆಯಾಗಲಿ ಬಿಡಿ. ಎಲ್ಲವನ್ನೂ ಕಾಪಾಡಲು ಹೋದವರು ದಿನವಿಡೀ ಮರದ ಕೆಳಗೆ, ಅಂಗಡಿ ಮಾಡಿನ ಕೆಳಗೆ ನಿಂತೇ ಕಳೆಯುತ್ತಾರೆ. ಅಷ್ಟು ದೂರ ಹೋಗಿ ಹಾಡು ಕೇಳದೆ ಬರುತ್ತಾರೆ. ಅದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಕಾಲು

ನೆಟ್ಟಿ ಗದ್ದೆಗೆ ಇಳಿದವರಿಗೆ ಗೊತ್ತು, ಕೆಸರಿನಲ್ಲಿ ಎರಡು ಬಗೆ. ಒಂದು ನೀರು ಜಾಸ್ತಿ ಇರುವ ತೆಳು ಕೆಸರು. ಅದು ಕಾಲನ್ನು ಬಿಟ್ಟುಕೊಡುತ್ತದೆ. ಇನ್ನೊಂದು ಅರ್ಧ ಒಣಗಿ ಜನ ತುಳಿದು ಮೆತ್ತಗಾದ ಅಂಟು ಕೆಸರು. ಹಬ್ಬದ ಬಯಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಆಗುವುದು ಈ ಎರಡನೆಯದು. ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದ ಹುಡುಗನೊಬ್ಬನ ಶೂ ನನ್ನ ಕಣ್ಣೆದುರೇ ಕೆಸರಲ್ಲಿ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಚಪ್ಪಲಿಯಂತೂ ಬೇಡವೇ ಬೇಡ.

ಗಮ್‌ಬೂಟ್ ಬೇಕು. ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು. ನಮ್ಮ ಕಡೆ ತೋಟದ ಕೆಲಸಕ್ಕೆ ಹಾಕುತ್ತೇವಲ್ಲ, ಅದೇ ಸಾಕು. ಒಯ್ಯಲು ಭಾರ ಅನ್ನಿಸಿದರೆ ಝಿರೋದ ಪೇಟೆ ಹಪೋಲಿಯಲ್ಲಿ ಸಿಗುತ್ತದೆ. ಆದರೆ ಹಬ್ಬದ ಹೊತ್ತಿಗೆ ಎಲ್ಲರಿಗೂ ಅದೇ ಬೇಕು, ನಿಮ್ಮ ಅಳತೆ ಖಾಲಿಯಾಗಿರಬಹುದು. ನಾನು ಶಿವಮೊಗ್ಗದಿಂದಲೇ ಒಯ್ದೆ. ನಿಮ್ಮ ಅಳತೆಗಿಂತ ಒಂದು ನಂಬರ್ ದೊಡ್ಡದು ತಗೊಳ್ಳಿ, ಎರಡು ಕಾಲುಚೀಲ ಹಾಕಲು ಜಾಗ ಬೇಕು. ಒಳಗೆ ತೆಳುವಾದದ್ದು, ಮೇಲೆ ಉಣ್ಣೆಯದು. ಬರೀ ಹತ್ತಿಯ ಕಾಲುಚೀಲ ಒಮ್ಮೆ ಒದ್ದೆಯಾದರೆ ದಿನವಿಡೀ ಹಾಗೇ ಇರುತ್ತದೆ. ಹೊಸ ಬೂಟನ್ನು ಊರಲ್ಲೇ ಒಂದು ವಾರ ಹಾಕಿ ಓಡಾಡಿ. ಹಿಮ್ಮಡಿ ಮೇಲೆ ಬೊಬ್ಬೆ ಏಳುವುದಿದ್ದರೆ ಮನೆಯಲ್ಲೇ ಎದ್ದು ಮುಗಿಯಲಿ.

ಬೂಟು ಹಾಕುವ ಮೊದಲು ಪಾದಕ್ಕೆ, ಮುಖ್ಯವಾಗಿ ಬೆರಳ ಸಂದಿಗೆ, ಕೊಬ್ಬರಿ ಎಣ್ಣೆ ಹಚ್ಚಿ. ನಾಟಿ ಸಮಯದಲ್ಲಿ ನಮ್ಮ ಹೆಂಗಸರು ಪಾದಕ್ಕೆ ಮದರಂಗಿ ಹಚ್ಚಿಕೊಳ್ಳುವುದು ಬರೀ ಚಂದಕ್ಕಲ್ಲ, ಕೆಸರುಹುಣ್ಣು ಆಗದಿರಲಿ ಅಂತ. ನನ್ನ ಅಮ್ಮ ಮದರಂಗಿ ಸೊಪ್ಪನ್ನು ನುಣ್ಣಗೆ ಅರೆದು ಬೆರಳ ಸಂದಿಗೆ ಒತ್ತಿ ತುಂಬುತ್ತಿದ್ದರು. ಹೊರಡುವ ಎರಡು ದಿನ ಮೊದಲು ನಾನೂ ಹಾಗೇ ಮಾಡಿದೆ. ತಂಗಿ ಮಗಳು ಮೊದಲು ಬೇಡ ಅಂದಳು. ಮೂರನೇ ದಿನ ಅವಳ ಬೆರಳ ಸಂದಿ ಬೆಳ್ಳಗೆ ಸುಲಿದಿತ್ತು. ಎರಡನೇ ಸಲ ಹೊರಡುವಾಗ ಅವಳೇ ಸೊಪ್ಪು ಕೊಯ್ದು ತಂದಳು.

ಕೆಸರಲ್ಲಿ ಬೂಟು ಸಿಕ್ಕಿಕೊಂಡರೆ ನೇರ ಮೇಲಕ್ಕೆ ಎಳೆಯಬೇಡಿ. ಎಳೆದಷ್ಟೂ ಕೆಸರು ಹೀರಿಕೊಳ್ಳುತ್ತದೆ. ಹಿಮ್ಮಡಿಯನ್ನು ಮೊದಲು ಮೆಲ್ಲಗೆ ಎತ್ತಿ. ಪಾದವನ್ನು ಆಚೆ ಈಚೆ ತಿರುಗಿಸಿ. 'ಪುಳಕ್' ಅಂತ ಗಾಳಿ ಒಳಗೆ ಹೋದ ಸದ್ದು ಕೇಳುತ್ತದೆ. ಆಗ ಎತ್ತಿದರೆ ಬೂಟೂ ಬರುತ್ತದೆ, ಕಾಲೂ ಬರುತ್ತದೆ. ಹೆಜ್ಜೆ ಚಿಕ್ಕದಿರಲಿ. ಮುಂದೆ ಹೋದವರ ಹೆಜ್ಜೆ ಗುಳಿಯಲ್ಲಿ ಕಾಲಿಡದೆ ಅದರ ಪಕ್ಕ ಹುಲ್ಲು ಉಳಿದಿರುವ ಕಡೆ ಇಡಿ.

ಮೈಮೇಲಿನ ಬಟ್ಟೆ

ಜೀನ್ಸ್ ಬಿಟ್ಟು ಹೋಗಿ. ಒದ್ದೆಯಾದರೆ ಕಲ್ಲು ಕಟ್ಟಿಕೊಂಡ ಹಾಗೆ, ಎರಡು ದಿನವಾದರೂ ಒಣಗುವುದಿಲ್ಲ. ಬೇಗ ಒಣಗುವ ತೆಳು ಪ್ಯಾಂಟು, ಮೇಲೆ ಉದ್ದ ತೋಳಿನ ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ಮಳೆ ಕೊಪ್ಪೆ. ಬಿಸಿಲು ಬಂದರೆ ಹಗಲಲ್ಲಿ ಸೆಕೆ, ಸೂರ್ಯ ಮುಳುಗಿದ ಕೂಡಲೇ ಚಳಿ. ಹಾಗಾಗಿ ಒಂದೇ ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ಒಳ್ಳೆಯದು.

ಕೊಪ್ಪೆ ಅಂದೆ. ಹಳೆ ಕಂಬಳಿಕೊಪ್ಪೆಯನ್ನು ಯಾರೂ ಅಷ್ಟು ದೂರ ಹೊತ್ತುಕೊಂಡು ಹೋಗುವುದಿಲ್ಲ ಬಿಡಿ. ಆದರೆ ಅದರ ಲೆಕ್ಕಾಚಾರ ಸರಿಯಿತ್ತು. ತಲೆಯಿಂದ ಮೊಣಕಾಲಿನವರೆಗೆ ಒಂದೇ ಹೊದಿಕೆ, ಕೆಳಗೆ ಗಾಳಿಯಾಡಲು ಸಡಿಲ. ಅಂಗಡಿಯಲ್ಲಿ ಪೊಂಚೊ ಅಂತ ಸಿಗುವುದೂ ಅದೇ. ಬೆನ್ನಿನ ಚೀಲದ ಸಮೇತ ಮುಚ್ಚುವಷ್ಟು ಅಗಲದ್ದು ನೋಡಿ. ಸ್ಕೂಟರ್ ರೇನ್‌ಕೋಟ್‌ನಲ್ಲಿ ಒಳಗೇ ಬೆವರಿ ಮೈ ಒದ್ದೆಯಾಗುತ್ತದೆ.

ಕೊಡೆ ಬೇಕು, ಆದರೆ ವೇದಿಕೆ ಮುಂದೆ ಬೇಡ. ನೀವು ಬಿಚ್ಚಿದ ಕೊಡೆಯ ಹಿಂದೆ ನಿಂತ ಹತ್ತು ಜನಕ್ಕೆ ಏನೂ ಕಾಣುವುದಿಲ್ಲ, ಅವರ ಹೆಗಲಿಗೆ ನಿಮ್ಮ ಕೊಡೆಯ ನೀರು. ಕೊಡೆ ಇರಲಿ, ಡೇರೆಯಿಂದ ಪಾಯಿಖಾನೆಗೆ ಹೋಗಲು.

ರಾತ್ರಿ ಬಟ್ಟೆಯ ವಿಷಯಕ್ಕೆ ಬರೋಣ. ಒಂದು ಜೊತೆ ಬೆಚ್ಚಗಿನ ಬಟ್ಟೆ, ಒಂದು ಜೊತೆ ಉಣ್ಣೆಯ ಕಾಲುಚೀಲ, ಒಂದು ಟೊಪ್ಪಿ, ಒಂದು ಟವೆಲ್. ಇದಿಷ್ಟನ್ನು ಬೇರೆ ಕಟ್ಟಿಡಿ. ಅಡಿಕೆ ಚೀಲದ ಒಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಕೊಟ್ಟೆ ಇರುತ್ತದಲ್ಲ, ನಾನು ಅದನ್ನು ಒಯ್ದೆ. ಬಟ್ಟೆ ಒಳಗಿಟ್ಟು, ಗಾಳಿಯನ್ನೆಲ್ಲ ಒತ್ತಿ ತೆಗೆದು, ಬಾಯಿಯನ್ನು ತಿರುಚಿ, ಮಡಚಿ, ರಬ್ಬರ್ ಹಾಕಿದೆ. ತಿರುಚುವುದು ಮುಖ್ಯ, ಸುಮ್ನೆ ಮಡಚಿದರೆ ನೀರು ಒಳಗೆ ದಾರಿ ಕಂಡುಕೊಳ್ಳುತ್ತದೆ. ಆ ಕೊಟ್ಟೆಯನ್ನು ಹಗಲಲ್ಲಿ ಯಾವ ಕಾರಣಕ್ಕೂ ಬಿಚ್ಚಬಾರದು. ಎಷ್ಟೇ ಚಳಿಯಾದರೂ. ಮಳೆಯಲ್ಲಿ ಒಣ ಸ್ವೆಟರ್ ಹಾಕಿಕೊಂಡರೆ ಅರ್ಧ ಗಂಟೆ ಸುಖ, ಆಮೇಲೆ ರಾತ್ರಿಯಿಡೀ ನಡುಕ.

ದಾರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅರುಣಾಚಲಕ್ಕೆ ಹೋಗಲು ನಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು, ಅಂದರೆ ಹೊರ ರಾಜ್ಯದವರು ಒಳಗೆ ಬರಲು ಕೊಡುವ ಅನುಮತಿ ಪತ್ರ. ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊರಡುವ ಒಂದೆರಡು ವಾರ ಮೊದಲೇ ಮಾಡಿಸಿ, ಎರಡು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಬೆಂಗಳೂರಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ರಾತ್ರಿ ಹೊರಡುವ ದೋನಿ ಪೋಲೋ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿನ ಜಾವ ನಾಹರ್‌ಲಗುನ್. ಸ್ಟೇಷನ್‌ನಲ್ಲೇ ಪರ್ಮಿಟ್ ನೋಡುತ್ತಾರೆ. ಅಲ್ಲಿಂದ ಹೆಚ್ಚುಕಡಿಮೆ 100 ಕಿಲೋಮೀಟರ್ ಘಟ್ಟದ ದಾರಿ. ಸೀಟಿನ ಲೆಕ್ಕದಲ್ಲಿ ಹೋಗುವ ಸುಮೋಗಳಿವೆ. ಮಣ್ಣು ಕುಸಿದು ರಸ್ತೆ ನಿಂತರೆ ಎಷ್ಟು ಹೊತ್ತಾಗುತ್ತದೋ ಹೇಳಲಾಗದು. ಹಾಗಾಗಿ ಹಬ್ಬದ ಹಿಂದಿನ ದಿನವೇ ತಲುಪುವ ಹಾಗೆ ಹೊರಡಿ, ವಾಪಸ್ ವಿಮಾನಕ್ಕೂ ಒಂದು ದಿನ ಬಿಡುವು ಇಟ್ಟುಕೊಳ್ಳಿ. ನಗದು ಕೈಯಲ್ಲಿರಲಿ. ಕರೆಂಟೂ ನೆಟ್‌ವರ್ಕೂ ಯಾವಾಗ ಬೇಕಾದರೂ ಹೋಗಬಹುದು.

ಭಾಷೆಗೆ ಹೆದರಬೇಡಿ. ಅಲ್ಲಿ ಬೇರೆ ಬೇರೆ ಬುಡಕಟ್ಟಿನವರು ತಮ್ಮತಮ್ಮಲ್ಲೇ ಹಿಂದಿಯಲ್ಲಿ ಮಾತಾಡುತ್ತಾರೆ. ಅವರ ಹಿಂದಿಯೂ ನಮ್ಮ ಹಿಂದಿಯ ಹಾಗೆ ಕಲಿತ ಹಿಂದಿ, ಅದಕ್ಕೇ ಸಲೀಸಾಗಿ ಅರ್ಥವಾಗುತ್ತದೆ.

ಡೇರೆಯೋ, ಮನೆಯೋ

ಮೊದಲ ಸಲ ನಾವು ಡೇರೆಯಲ್ಲಿ ಉಳಿದೆವು. ಬಾಡಿಗೆಗೆ ಕೊಟ್ಟವರೇ ಹಾಕಿಕೊಟ್ಟಿದ್ದರು. ರಾತ್ರಿ ಎರಡು ಗಂಟೆ ಹೊತ್ತಿಗೆ ಬೆನ್ನು ತಣ್ಣಗಾಗಿ ಎಚ್ಚರವಾಯಿತು. ಮೇಲಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಕೈಯಿಂದ ಮುಟ್ಟಿ ನೋಡಿದರೆ ಡೇರೆಯ ನೆಲ ನೀರು ಹಾಸಿಗೆಯ ಹಾಗೆ ಕುಲುಕುತ್ತಿತ್ತು. ಟಾರ್ಚ್ ಹಿಡಿದು ಹೊರಗೆ ಹೋದೆ. ಡೇರೆಯ ಅಡಿಗೆ ಹಾಸಿದ ಟಾರ್ಪಾಲು ಡೇರೆಗಿಂತ ಒಂದು ಮೊಳ ಹೊರಗೆ ಚಾಚಿಕೊಂಡಿತ್ತು. ಡೇರೆಯ ಮೈಮೇಲಿಂದ ಇಳಿದ ನೀರೆಲ್ಲ ಆ ಅಂಚಿಗೆ ಬಿದ್ದು, ಅಲ್ಲಿಂದ ನಮ್ಮ ಅಡಿಗೆ ಹರಿದು ಬಂದು ನಿಂತಿತ್ತು. ಟಾರ್ಪಾಲು ನೀರನ್ನು ತಡೆಯುವ ಬದಲು ಕೆರೆಯ ಹಾಗೆ ಹಿಡಿದಿಟ್ಟಿತ್ತು. ಆ ಮಳೆಯಲ್ಲೇ ಅಂಚನ್ನೆಲ್ಲ ಒಳಕ್ಕೆ ಮಡಚಿದೆ. ಕೊಟ್ಟೆಯಲ್ಲಿದ್ದ ಬಟ್ಟೆ ಅವತ್ತು ನಮ್ಮಿಬ್ಬರನ್ನೂ ಉಳಿಸಿತು.

ಹಾಗಾಗಿ ಡೇರೆಗೆ ಹೋದ ಕೂಡಲೇ ಇಷ್ಟು ನೋಡಿ. ಅಡಿಯ ಟಾರ್ಪಾಲು ಡೇರೆಯ ಅಂಚಿಗಿಂತ ನಾಲ್ಕು ಬೆರಳು ಒಳಗೇ ಇರಬೇಕು. ಡೇರೆ ಇರುವ ಜಾಗ ಸುತ್ತಲಿಗಿಂತ ಸ್ವಲ್ಪ ಎತ್ತರ ಇರಬೇಕು. ಹುಲ್ಲು ಒಂದೇ ಕಡೆ ಬಾಗಿ ಮಲಗಿದ್ದರೆ ಅಲ್ಲಿ ನೀರು ಹರಿದಿದೆ ಅಂತ ಅರ್ಥ, ಬೇರೆ ಜಾಗ ಕೇಳಿ. ಮೇಲಿನ ಹೊದಿಕೆ ಮತ್ತು ಒಳಗಿನ ಬಟ್ಟೆ ಒಂದಕ್ಕೊಂದು ತಾಗಬಾರದು. ತಾಗಿದ ಕಡೆಯೇ ಸೋರಲು ಶುರುವಾಗುತ್ತದೆ. ಸುತ್ತ ಕಾಲುವೆ ತೋಡುವ ಯೋಚನೆ ಬೇಡ, ಅದು ಇನ್ನೊಬ್ಬರ ನೆಲ. ಕೆಸರಿನ ಬೂಟನ್ನು ಡೇರೆಯ ಮುಂಭಾಗದಲ್ಲೇ ಬಿಚ್ಚಿ, ಬಾಯಿ ಕೆಳಗೆ ಮಾಡಿ ಇಡಿ.

ಎರಡನೇ ಸಲ ನಾವು ಒಂದು ಅಪತಾನಿ ಮನೆಯಲ್ಲಿ ಉಳಿದೆವು. ವಯಸ್ಸು 35 ದಾಟಿದವರಿಗೆ, ಮಕ್ಕಳ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮನೆಯ ನಡುವೆ ಬೆಂಕಿಯ ಒಲೆ, ಅದರ ಮೇಲೆ ಸೂರಿನಿಂದ ತೂಗುಬಿಟ್ಟ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು. ಮಾಂಸ, ಮೀನು, ಸೌದೆ ಎಲ್ಲ ಅಲ್ಲಿ ಹೊಗೆಗೆ ಒಣಗುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು ನೆನಪಾಯಿತು. ಮನೆಯೊಡತಿ ನಮ್ಮ ಒದ್ದೆ ಕಾಲುಚೀಲಗಳನ್ನು ತಾವೇ ಕೇಳಿ ಇಸಿದುಕೊಂಡು ಒಲೆಯ ಬದಿಗೆ ಹರವಿದರು. ಬೆಳಿಗ್ಗೆ ಅವಕ್ಕೆ ಹೊಗೆ ವಾಸನೆ. ಆ ವಾಸನೆ ಊರಿಗೆ ಬಂದ ಮೇಲೂ ಎರಡು ಒಗೆತಕ್ಕೆ ಹೋಗಲಿಲ್ಲ. ನನಗೆ ಹೋಗುವುದೂ ಬೇಕಿರಲಿಲ್ಲ.

ಬೆಳಿಗ್ಗೆಯಿಂದ

ಅಲ್ಲಿ ಸೂರ್ಯನ ಲೆಕ್ಕವೇ ಬೇರೆ. ನಮ್ಮ ಗಡಿಯಾರ ಒಂದೇ, ಆದರೆ ಅವರು ಪೂರ್ವದ ತುದಿಯಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಗೆ ಬೆಳಿಗ್ಗೆ 5ಕ್ಕೆಲ್ಲ ಬೆಳಕು, ಸಂಜೆ 5 ದಾಟಿತೋ ಇಲ್ಲವೋ ಕತ್ತಲು. ಹಾಗಾಗಿ ದಿನವನ್ನು ಬೇಗ ಶುರು ಮಾಡಿ. ಹಾಡು ಕಾವೇರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಗದ್ದೆ ಬದಿಯ ದಾರಿಯಲ್ಲಿ ನಡೆದು ಬನ್ನಿ.

ಭತ್ತ ಬೆಳೆಯುವವರ ಮನೆಯಲ್ಲಿ ಹುಟ್ಟಿದ ನನಗೆ ಹಾಡಿನಷ್ಟೇ ದೊಡ್ಡ ಹಬ್ಬ ಆ ಗದ್ದೆಗಳು. ಆ ಹೊತ್ತಿಗೆ ತೆನೆ ಬಾಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಭತ್ತದ ನೀರಲ್ಲೇ ಮೀನು ಸಾಕುತ್ತಾರೆ. ಗದ್ದೆಯ ನಡುವೆ ಒಂದು ಕಾಲುವೆ ತೋಡಿರುತ್ತಾರೆ, ನೀರು ಇಳಿದಾಗ ಮೀನು ಅಲ್ಲಿಗೆ ಸೇರಿಕೊಳ್ಳುತ್ತದೆ. ಅಂಚಿನ ಮೇಲೆ ಏನು ಬೆಳೆದಿದ್ದಾರೆ ಅಂತ ಬಗ್ಗಿ ನೋಡಿದರೆ ರಾಗಿ! ನಮ್ಮ ರಾಗಿಯೇ. ಒಂದೇ ಗದ್ದೆಯಲ್ಲಿ ಅನ್ನ, ಮೀನು, ರಾಗಿ. ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಕಣಿವೆ 2014ರಲ್ಲಿ ಸೇರಿದ್ದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಅದಕ್ಕೇ ಕೈ ಮುಗಿದು ಹೇಳುತ್ತೇನೆ, ಫೋಟೋಗಾಗಿ ಗದ್ದೆ ಅಂಚನ್ನು ತುಳಿಯಬೇಡಿ. ಮಳೆಗೆ ನೆನೆದ ಅಂಚು ಒಬ್ಬರ ಭಾರಕ್ಕೇ ಕುಸಿಯುತ್ತದೆ. ಕುಸಿದರೆ ನೀರು ಹೋಯಿತು, ನೀರಿನ ಜೊತೆ ಮೀನೂ ಹೋಯಿತು. ಹಾಗೆಯೇ ಮುಖದ ಮೇಲೆ ಹಚ್ಚೆ, ಮೂಗಿಗೆ ಬಿರಡೆ ಇರುವ ಅಜ್ಜಿಯರು ಸಿಗುತ್ತಾರೆ. ಈಗಿನ ಹೆಣ್ಣುಮಕ್ಕಳು ಅದನ್ನು ಹಾಕುವುದಿಲ್ಲ, ಇವರೇ ಕೊನೆಯ ತಲೆಮಾರು. ಅವರ ಹತ್ತಿರ ಕೂತು ಮಾತಾಡಿ, ಕೇಳಿ, ಒಪ್ಪಿದರೆ ಮಾತ್ರ ಕ್ಯಾಮೆರಾ ತೆಗೆಯಿರಿ. ನಮ್ಮಜ್ಜಿಯ ಮುಖದೆದುರು ಯಾರಾದರೂ ಹಾಗೇ ಫೋನ್ ಹಿಡಿದರೆ ನಮಗೆ ಹೇಗಾಗುತ್ತದೆ, ಅಲ್ವಾ?

ಹತ್ತಿರದ ತಾಲ್ಲೆ ಕಾಡಿನ ಕಡೆ ಹೋಗುವವರು ಉಂಬಳಕ್ಕೆ, ಅಂದರೆ ಜಿಗಣೆಗೆ, ತಯಾರಾಗಿ. ಮಲೆನಾಡಿನ ಮದ್ದೇ ಅಲ್ಲೂ ಸಾಕು: ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪಿನ ಪುಡಿ ಕಲಸಿ ಬೂಟಿನ ಬಾಯಿಗೆ ಸುತ್ತ ಬಳಿಯಿರಿ. ಕಚ್ಚಿಕೊಂಡಿದ್ದನ್ನು ಕಿತ್ತು ಎಳೆಯಬೇಡಿ. ಉಗುರನ್ನು ಅದರ ಬಾಯಿಯ ಪಕ್ಕಕ್ಕೆ ಸರಿಸಿ ಬಿಡಿಸಿ.

ಹೊಟ್ಟೆಗೆ

ಕಳಲೆ ತಿನ್ನುವವರಿಗೆ ಝಿರೋ ಅಡುಗೆ ಪರದೇಶ ಅನ್ನಿಸುವುದಿಲ್ಲ. ಎಲ್ಲದರಲ್ಲೂ ಬಿದಿರಿನ ಎಳೆ ಮೊಳಕೆ, ಆದರೆ ನಮ್ಮ ಹಾಗೆ ಮೂರು ದಿನ ನೀರು ಬದಲಿಸಿದ್ದಲ್ಲ. ಹುಳಿ ಬರಿಸಿದ್ದು. ಮೊದಲ ತುತ್ತಿಗೆ ವಾಸನೆ ಹೊಡೆಯುತ್ತದೆ, ಮೂರನೇ ತುತ್ತಿಗೆ ಇನ್ನೊಂದಿಷ್ಟು ಬೇಕು ಅನ್ನಿಸುತ್ತದೆ. ಹಂದಿ, ಕೋಳಿ, ಮೀನು ಎಲ್ಲ ಸಿಗುತ್ತದೆ. ನನ್ನ ಹಾಗೆ ಸಸ್ಯಾಹಾರಿಗಳಾದರೆ ಅನ್ನ, ಬೇಳೆ, ಬೇಯಿಸಿದ ಸೊಪ್ಪು ಕೇಳಿ ಪಡೆಯಿರಿ. ಜೊತೆಗೆ ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ಅಪ್ಪೆಮಿಡಿ ಒಯ್ಯಿರಿ. ನಮ್ಮ ಅಪ್ಪೆಮಿಡಿ ರುಚಿ ನೋಡಿದ ಮನೆಯೊಡತಿ ಮಾತಾಡದೆ ಇನ್ನೊಂದು ಮಿಡಿ ತೆಗೆದುಕೊಂಡರು. ಡಬ್ಬಿ ಅಲ್ಲೇ ಬಿಟ್ಟು ಬಂದೆ.

ಮರೆಯದೆ ಕಷಾಯದ ಪುಡಿ ಕಟ್ಟಿಕೊಳ್ಳಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿದ್ದು. ಚಹಾ ಮಾರುವ ಕಡೆ ಬಿಸಿನೀರು ಕೇಳಿದರೆ ಕೊಡುತ್ತಾರೆ, ಬೆಲ್ಲ ಹಾಕಿ ಕಲಸಿದರೆ ಆಯಿತು. ಅಕ್ಕಿಯಿಂದ ಮಾಡಿದ ಅಲ್ಲಿನ ಪೇಯವನ್ನೂ ಬಿದಿರಿನ ಲೋಟದಲ್ಲಿ ಕೊಡುತ್ತಾರೆ. ಕುಡಿಯುವವರಿಗೆ ನನ್ನದೊಂದು ಮಾತು: ಮದ್ಯ ಮೈ ಬೆಚ್ಚಗಾದ ಹಾಗೆ ಮಾಡುತ್ತದೆ, ಆದರೆ ಒಳಗಿನ ಶಾಖ ಚರ್ಮದ ಕಡೆ ಬಂದು ಬೇಗ ಹೊರಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿರುವವರಿಗೆ ಅದು ಅಪಾಯ. ಮೊದಲು ಊಟ, ಒಣ ಬಟ್ಟೆ. ಆಮೇಲೆ ಉಳಿದದ್ದು.

ಜೊತೆಯವರು ಒಂದೇ ಸಮ ನಡುಗುತ್ತಿದ್ದರೆ, ಮಾತು ತೊದಲಿದರೆ, ಏನು ಕೇಳಿದರೂ "ಪರವಾಗಿಲ್ಲ" ಅಂತ ಮಂಕಾಗಿ ಕೂತರೆ, ಹಾಡು ಸಾಕು. ಎಬ್ಬಿಸಿ ಸೂರಿನ ಕೆಳಗೆ ಕರೆದುಕೊಂಡು ಹೋಗಿ, ಒದ್ದೆ ಬಟ್ಟೆ ತೆಗೆಸಿ, ಬಿಸಿ ಸಿಹಿ ಕುಡಿಸಿ, ವೈದ್ಯರ ನೆರವು ಕೇಳಿ.

ಹಾಡಿನ ಮುಂದೆ

ಈಗ ಬಂದೆವು ಮುಖ್ಯ ವಿಷಯಕ್ಕೆ. ಮಳೆಯಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವುದು ಹೇಗೆ?

ಮೊದಲ ದಿನ ನಾನು ಕೊಪ್ಪೆ ಹಾಕಿ, ಅದರ ಟೊಪ್ಪಿಗೆ ಎಳೆದುಕೊಂಡು ನಿಂತಿದ್ದೆ. ಒಬ್ಬಳು ಹುಡುಗಿ ಬರೀ ಗಿಟಾರ್ ಹಿಡಿದು ಮೆಲ್ಲಗೆ ಹಾಡುತ್ತಿದ್ದಳು. ನನಗೆ ಏನೂ ಕೇಳುತ್ತಿಲ್ಲ. ಟಪಟಪ ಟಪಟಪ ಅಂತ ಸದ್ದು. ಮೈಕ್ ಸರಿಯಿಲ್ಲ ಅಂದುಕೊಂಡೆ. ಪಕ್ಕದಲ್ಲಿದ್ದ ಸ್ಥಳೀಯ ಹೆಂಗಸು ನನ್ನ ಮುಖ ನೋಡಿದರು. ಏನೂ ಹೇಳದೆ ಕೈ ಚಾಚಿ ನನ್ನ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿದರು. ತಕ್ಷಣ ಹಾಡು ಕಿವಿಯೊಳಗೆ ಬಂತು! ಅಷ್ಟು ಹೊತ್ತು ನಾನು ಕೇಳುತ್ತಿದ್ದುದು ನನ್ನದೇ ಪ್ಲಾಸ್ಟಿಕ್ ಮೇಲೆ ಬೀಳುತ್ತಿದ್ದ ಮಳೆ. ಕೂದಲು ನೆನೆಯಿತು. ಹಣೆಯಿಂದ ನೀರು ಇಳಿದು ತುಟಿಗೆ ಬಂತು. ಹುಡುಗಿ ಒಂದು ಸಾಲನ್ನು ಎಳೆದು ನಿಲ್ಲಿಸಿದಾಗ ಆ ನಿಶ್ಶಬ್ದದಲ್ಲಿ ದೂರದ ಗದ್ದೆಯ ಮೇಲೆ ಮಳೆ ಸರಿದು ಹೋಗುವುದು ಕೇಳಿಸಿತು. ಮಳೆಗಾಲದಲ್ಲಿ ಆಟ ಇಲ್ಲ ಅಂತ ಬೆಳೆದವಳು ನಾನು. ಅವತ್ತು ಅಲ್ಲಿ ನಿಂತು ಅತ್ತುಬಿಟ್ಟೆ.

ಹಾಗಾಗಿ ತಲೆಗೆ ಪ್ಲಾಸ್ಟಿಕ್ ಬೇಡ. ಉಣ್ಣೆ ಟೊಪ್ಪಿ ಹಾಕಿ, ಇಲ್ಲವೇ ತೆಳು ಟವೆಲನ್ನು ಮುಂಡಾಸಿನ ಹಾಗೆ ಸುತ್ತಿ. ಕಿವಿ ತೆರೆದಿರಲಿ. ಬಟ್ಟೆಯ ಮೇಲೆ ಬೀಳುವ ಮಳೆಗೆ ಸದ್ದಿಲ್ಲ. ಹಗಲಿಗೆ ಒಂದು, ರಾತ್ರಿಗೆ ಬೇರೆ ಟೊಪ್ಪಿ.

ನಿಲ್ಲುವ ಜಾಗವೂ ಮುಖ್ಯ. ತೀರಾ ಮುಂದೆ ಹೋದರೆ ಒಂದು ಪಕ್ಕದ ಸ್ಪೀಕರ್ ಮಾತ್ರ ಕೇಳುತ್ತದೆ, ಕೆಸರೂ ಅಲ್ಲೇ ಜಾಸ್ತಿ. ವೇದಿಕೆಗೆ ಎದುರಾಗಿ, ನಡುವೆ, ಧ್ವನಿ ಹೊಂದಿಸುವವರು ಕೂರುವ ಸಣ್ಣ ಮಾಡು ಇರುತ್ತದೆ. ಅದರ ಸ್ವಲ್ಪ ಮುಂದೆ ನಿಲ್ಲಿ. ಅವರು ತಮ್ಮ ಕಿವಿಗೆ ಸರಿಯಾಗುವ ಹಾಗೆ ಎಲ್ಲವನ್ನೂ ಹೊಂದಿಸಿರುತ್ತಾರೆ, ಹಾಗಾಗಿ ಅಲ್ಲೇ ಎಲ್ಲ ವಾದ್ಯ ಸಮವಾಗಿ ಸಿಗುತ್ತದೆ. ಬೂಟಿನಲ್ಲಿ ಒಂದೇ ಕಡೆ ನಿಂತರೆ ಕಾಲು ಹಿಡಿಯುತ್ತದೆ, ಒಂದೊಂದು ಹಾಡಿಗೆ ಜಾಗ ಬದಲಿಸಿ. ಕೂರಲು ಪುಟ್ಟ ಮಡಚುವ ಸ್ಪಂಜಿನ ಹಾಸು ಒಯ್ಯಿರಿ.

ಥಂಡಿಗೆ ವಾದ್ಯಗಳ ಶ್ರುತಿ ತಪ್ಪುತ್ತದೆ. ತೊಗಲಿನ ವಾದ್ಯವಂತೂ ಹಟ ಹಿಡಿಯುತ್ತದೆ. ನಮ್ಮ ಮದ್ದಳೆಯವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಅವರು ಹೊತ್ತು ತಗೊಂಡರೆ ಕೂಗಬೇಡಿ. ಗಾಳಿಮಳೆ ಜೋರಾದಾಗ ಕರೆಂಟಿನ ಭಯಕ್ಕೆ ಹಾಡು ನಿಲ್ಲಿಸುವುದೂ ಉಂಟು. ಆಗ ಎಲ್ಲರೂ ಹೊರಡುತ್ತಾರೆ. ಬರೀ ಮಳೆಯಾದರೆ ನೀವು ಅರ್ಧ ಗಂಟೆ ಕಾಯಿರಿ. ಗುಡುಗು ಕೇಳಿದರೆ ಮಾತ್ರ ಬಯಲಲ್ಲಿ ನಿಲ್ಲಬಾರದು. ಒಂಟಿ ಮರ, ಎತ್ತರದ ಬಿದಿರಿನ ಗೋಪುರದ ಕೆಳಗೂ ಬೇಡ. ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ ವಾಹನದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಬನ್ನಿ.

ಫೋನನ್ನು ಜಿಪ್ ಕವರ್‌ನಲ್ಲಿಟ್ಟು ಒಳ ಅಂಗಿಯ ಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಜೊತೆಯವರು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಬೆಳಿಗ್ಗೆಯೇ ಒಂದು ಜಾಗ ಗೊತ್ತು ಮಾಡಿ, ಫೋನ್ ನಂಬಬೇಡಿ. ನಮ್ಮದು ಚಹಾ ಮಾರುವ ಅಕ್ಕನ ಬಿದಿರಿನ ಬೆಂಚು. ಕಸವನ್ನು ಬಿದಿರಿನ ಬುಟ್ಟಿಗೇ ಹಾಕಿ. ಕೆಸರಲ್ಲಿ ತುಳಿದ ಪ್ಲಾಸ್ಟಿಕ್ ಮುಂದೆ ಯಾರದೋ ನೆಲದಲ್ಲಿ ಸಿಗುತ್ತದೆ.

ಕತ್ತಲಾದ ಮೇಲೆ

ಪೀಲೊ ವೇದಿಕೆಯ ಹೊತ್ತಿಗೆ ಚಳಿ ಏರುತ್ತದೆ. ಹಣೆಗೆ ಕಟ್ಟುವ ಟಾರ್ಚ್ ತನ್ನಿ, ಎರಡೂ ಕೈ ಖಾಲಿ ಇರಬೇಕು. ಬೆಳಕನ್ನು ನೆಲದ ಕಡೆಗೇ ಬಿಡಿ, ಎದುರಿನವರ ಕಣ್ಣಿಗಲ್ಲ. ಗಟ್ಟಿ ಸಂಗೀತಕ್ಕೆ ಕಿವಿಗೆ ಇಯರ್‌ಪ್ಲಗ್ ಇರಲಿ. ವಾಪಸ್ ಹೋಗುವ ಗಾಡಿಯನ್ನು ಮಧ್ಯಾಹ್ನವೇ ಮಾತಾಡಿ ಇಟ್ಟುಕೊಳ್ಳಿ. ಕೊನೆಯ ಹಾಡು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಗಾಡಿ ಹುಡುಕುತ್ತಾರೆ. ನಮ್ಮ ಮನೆಯೊಡತಿಯ ತಮ್ಮನೇ ಬಂದು ಕರೆದುಕೊಂಡು ಹೋಗುತ್ತಿದ್ದ, ಅದು ನಮ್ಮ ಪುಣ್ಯ.

ಮನೆ ಸೇರಿದ ಮೇಲೆ ಮೊದಲು ಕೂರಬೇಡಿ. ಕೂತರೆ ಏಳಲಾಗುವುದಿಲ್ಲ. ಬಾಗಿಲ ಹೊರಗೇ ಬೂಟು ಬಿಚ್ಚಿ, ಮೇಲಿನ ಕೆಸರನ್ನು ಮಳೆನೀರಲ್ಲೇ ತೊಳೆಯಿರಿ. ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುಂಬಿ. ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ತುಂಬಿದರೆ ಬೆಳಿಗ್ಗೆ ಬೂಟು ಒಣಗಿರುತ್ತದೆ. ಒಲೆಗೆ ತೀರಾ ಹತ್ತಿರ ಇಡಬೇಡಿ, ರಬ್ಬರ್ ಸೀಳುತ್ತದೆ. ಪಾದ ತೊಳೆದು, ಬೆರಳ ಸಂದಿಯನ್ನು ಒಂದೊಂದಾಗಿ ಒರೆಸಿ, ಎಣ್ಣೆ ಹಚ್ಚಿ. ಈಗ ಕೊಟ್ಟೆಯ ರಬ್ಬರ್ ಬಿಚ್ಚಬಹುದು.

ಒಣ ಬಟ್ಟೆ ಹಾಕಿಕೊಂಡು ನಾನು ಒಲೆಯ ಪಕ್ಕ ಕೂತಾಗ ಮನೆಯೊಡತಿ ಕೆಂಡದ ಮೇಲೆ ಕೆಟಲ್ ಇಟ್ಟಿದ್ದರು. ತಂಗಿ ಮಗಳು ಅಷ್ಟರಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದಳು, ಕೈಯಲ್ಲಿ ಒಂದು ಕಾಲುಚೀಲ ಹಾಗೇ ಇತ್ತು. "ನಾಳೆಯೂ ಮಳೆ ಇದೆಯಾ?" ಅಂತ ಕೇಳಿದೆ. ಅವರು ಸೂರಿನ ಕಡೆ ಕಿವಿಗೊಟ್ಟು, "ಇದೆ" ಅಂದರು. ನಾನು ಎದ್ದು ನಮ್ಮ ನಾಲ್ಕೂ ಬೂಟುಗಳ ಪೇಪರ್ ಬದಲಿಸಿ ಬಂದೆ.